ಬಾಣಂತನ ಮುಗಿದ ಮೇಲೆ ಅವಳ ಬಿಪಿ ಯಾರು ನೋಡ್ತಾರೆ?

ನಮ್ಮ ಕಡೆ ಒಬ್ಬ ಹೆಣ್ಣುಮಗಳ ಬಿಪಿನ ಜಾಸ್ತಿ ಸಲ ನೋಡೋದು ಯಾವಾಗ ಅಂದ್ರೆ ಅವಳು ಬಸುರಿ ಆದಾಗ. ತಾಯಿ ಕಾರ್ಡ್ ಕೊಡ್ತಾರೆ, ಆಶಾ ಅಕ್ಕ ಮನೆವರೆಗೂ ಬಂದು ವಿಚಾರಿಸ್ತಾರೆ, ತೂಕ, ಹಿಮೋಗ್ಲೋಬಿನ್, ಶುಗರ್, ಬಿಪಿ ಎಲ್ಲಾ ಒಂದೊಂದಾಗಿ ಬರೀತಾರೆ, ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಕೂತು ಗರ್ಭಿಣಿಯರನ್ನ ನೋಡೋ ವ್ಯವಸ್ಥೆ ಇದೆ. ಇದನ್ನೆಲ್ಲ ಕಟ್ಟೋಕೆ ಎಷ್ಟು ವರ್ಷ ಎಷ್ಟು ಜನ ದುಡಿದಿದಾರೆ ಅಂತ ನನಗೆ ಗೊತ್ತು, ಅದರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಹೆರಿಗೆ ಆಗಿ, ಆರು ವಾರ ಕಳೆದು, ಮಗುಗೆ ಚುಚ್ಚುಮದ್ದು ಶುರುವಾಯ್ತು ಅಂದ್ರೆ ಅಲ್ಲಿಂದಾಚೆ ಎಲ್ಲರ ಕಣ್ಣೂ ಮಗು ಮೇಲೆ. ಅವಳ ತೋಳಿಗೆ ಮತ್ತೆ ಬಿಪಿ ಪಟ್ಟಿ ಸುತ್ತೋದು ಇನ್ನೊಂದು ಸಲ ಬಸುರಿ ಆದಾಗ, ಇಲ್ಲಾಂದ್ರೆ ಇಪ್ಪತ್ತು ವರ್ಷ ಆದ್ಮೇಲೆ ಎಲ್ಲೋ ತಲೆ ತಿರುಗಿ ಬಿದ್ದಾಗ.

ಹೆಂಗಸರ ಹಾರ್ಟ್ ಬಗ್ಗೆ ಮಾತಾಡ್ಬೇಕು ಅಂದ್ರೆ ನಾನು ಇಲ್ಲಿಂದಲೇ ಶುರು ಮಾಡೋದು. ಯಾಕಂದ್ರೆ ಬಸುರಿಯಲ್ಲಿ ಕಾಣಿಸ್ಕೊಂಡ ತೊಂದರೆ ಹೆರಿಗೆ ಜೊತೆ ಮುಗಿದು ಹೋಗಲ್ಲ. ಇಪ್ಪತ್ತು ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗೋದು, ಲಿವರ್‌ಗೋ ಕಿಡ್ನಿಗೋ ತೊಂದರೆ ಆಗೋದು, ನಮ್ಮ ಕಡೆ ನಂಜು ಅಂತಾರಲ್ಲ, ಅದು ಬಂದ ಹೆಂಗಸಿಗೆ ಮುಂದೆ ಹೃದಯದ ಕಾಯಿಲೆ ಬರೋ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಬಸುರಿಯಲ್ಲಿ ಶುಗರ್ ಬಂದಿದ್ರೆ ಹೆರಿಗೆ ಆದ್ಮೇಲೆ ಅದು ಇಳೀಬಹುದು, ಆದ್ರೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಆಗೋ ಅಪಾಯ ಹಲವು ಪಟ್ಟು ಜಾಸ್ತಿ, ಅದರ ಹಿಂದೇನೇ ಹಾರ್ಟ್ ತೊಂದರೆ. ದಿನ ತುಂಬೋಕೆ ಮುಂಚೆ ಹೆರಿಗೆ ಆದವರಿಗೂ ಅಪಾಯ ಸ್ವಲ್ಪ ಜಾಸ್ತಿನೇ. ಅಂದ್ರೆ ಇಪ್ಪತ್ತೈದನೇ ವಯಸ್ಸಲ್ಲೇ ಅವಳ ದೇಹ ಒಂದು ಸುಳಿವು ಕೊಟ್ಟಿರುತ್ತೆ, ಅದು ತಾಯಿ ಕಾರ್ಡಲ್ಲಿ ನೀಲಿ ಇಂಕಲ್ಲಿ ಬರೆದೂ ಇರುತ್ತೆ. ಆ ಕಾರ್ಡನ್ನ ಮುಂದೆ ಯಾವ ಡಾಕ್ಟರೂ ಕೇಳಲ್ಲ, ಮನೆಯವರಿಗೂ ಅದು ಹೆರಿಗೆ ಸಮಯದ ಕಾಗದ ಅಷ್ಟೇ.

ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆಗಿದ್ದು ಇದೇ. ತಿಪಟೂರು ಕಡೆ ಒಂದು ಊರು, ತೆಂಗಿನ ತೋಟ, ಎರಡು ಹಸು, ಮನೇಲಿ ಅತ್ತೆ. ಎರಡನೇ ಮಗು ಹೊಟ್ಟೇಲಿದ್ದಾಗ ಮುಖ ಕೈ ಕಾಲು ಊದ್ಕೊಂಡು, ಬಿಪಿ ಏರಿ, ಎಂಟನೇ ತಿಂಗಳಲ್ಲೇ ಆಪರೇಷನ್ ಮಾಡಿ ಮಗು ತೆಗೆದಿದ್ರು. ತಾಯಿ ಮಗು ಇಬ್ಬರೂ ಉಳಿದ್ರಲ್ಲ ಅಂತ ಮನೆಯವರೆಲ್ಲ ದೇವರಿಗೆ ಕೈ ಮುಗಿದು ಆ ವಿಷಯ ಅಲ್ಲಿಗೇ ಬಿಟ್ರು. ಐವತ್ತು ದಾಟಿದ ಮೇಲೆ ಒಂದಿನ ಮಧ್ಯಾಹ್ನ ರಾಗಿ ಹಸನು ಮಾಡ್ತಾ ಕೂತಿದ್ದಾಗ ಬೆನ್ನಲ್ಲಿ, ಎರಡು ರೆಕ್ಕೆ ಮೂಳೆ ಮಧ್ಯೆ ಹಿಡ್ಕೊಂಡಂಗೆ ಆಗಿದೆ, ದವಡೆ ಸೆಳೆತ, ಮೈಯೆಲ್ಲ ತಣ್ಣಗೆ ಬೆವರು, ಎದೆ ಭಾರ. ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದ್ರು. ಸಂಜೆ ಹತ್ತಿರದ ಕ್ಲಿನಿಕ್ಕಲ್ಲಿ ಗ್ಯಾಸಿಗೇ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಇಸಿಜಿ ತೆಗೀಲಿಲ್ಲ. ಬಂದು ಹಾಲು ಕರೆದು, ಮುದ್ದೆ ಮಾಡಿ, ಎಲ್ಲರಿಗೂ ಬಡಿಸಿ ಮಲಗಿದಾರೆ. ಮಾರನೇ ದಿನ ಬೆಳಿಗ್ಗೆ ಉಸಿರು ಎಳ್ಕೊಳ್ಳೋಕೆ ಆಗದೇ ಇದ್ದಾಗ ಕರ್ಕೊಂಡು ಓಡಿದ್ದು. ಜೀವ ಉಳೀತು, ಆದ್ರೆ ಹೃದಯದ ಪಂಪಿಂಗ್ 35 ಪರ್ಸೆಂಟಿಗೆ ಬಂದಿತ್ತು, ಸಾಮಾನ್ಯವಾಗಿ 55ರ ಮೇಲಿರಬೇಕು. ಅಷ್ಟು ಮಾಂಸಖಂಡ ಆ ಒಂದು ರಾತ್ರೀಲಿ ಸತ್ತು ಹೋಗಿದೆ.

ಬೆಳಗಾವಿಯಿಂದ ಚಾಮರಾಜನಗರದವರೆಗೆ ಯಾರ ಮನೇಲಿ ಕೇಳಿದ್ರೂ ಇಂಥದ್ದೊಂದು ಕಥೆ ಸಿಗುತ್ತೆ ಅನ್ಸುತ್ತೆ ನನಗೆ, ಅಕ್ಕನದ್ದೋ ಅತ್ತೆಯದ್ದೋ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು, ಯಾಕಂದ್ರೆ ವಾಟ್ಸಾಪಲ್ಲಿ ಓಡಾಡೋ ಮೆಸೇಜುಗಳಲ್ಲಿ ಹೆಂಗಸರಿಗೆ ಹಾರ್ಟ್ ಅಟ್ಯಾಕಲ್ಲಿ ಎದೆನೋವೇ ಬರಲ್ಲ ಅಂತ ಬರೀತಾರೆ. ಹಾಗಲ್ಲ. ಹೆಂಗಸರಲ್ಲೂ ಎದೆಯ ಸಂಕಟನೇ ಮುಖ್ಯ ಲಕ್ಷಣ, ಆದ್ರೆ ಅದು ಎಲ್ಲರಿಗೂ ಸಿನಿಮಾದಲ್ಲಿ ತೋರಿಸೋ ಥರ ಎದೆ ಹಿಡ್ಕೊಂಡು ಕುಸಿಯೋ ನೋವಲ್ಲ, ಬಿಗಿತ ಇರಬಹುದು, ಉರಿ ಇರಬಹುದು, ಭಾರ ಇರಬಹುದು, ಅದರ ಜೊತೆಗೆ ಉಬ್ಬಸ, ವಾಕರಿಕೆ, ಬೆನ್ನು, ದವಡೆ, ತೋಳು, ಕಾರಣ ಇಲ್ಲದ ಸುಸ್ತು, ಇವೆಲ್ಲ ಗಂಡಸರಿಗಿಂತ ಜಾಸ್ತಿ ಬರುತ್ತೆ. ಅವಳು ಡಾಕ್ಟರ ಹತ್ರ ಮೊದಲು ಹೇಳೋದು ಸುಸ್ತು, ಹೊಟ್ಟೆ ತೊಳಸೋದು. ಕೇಳಿಸ್ಕೊಳ್ಳೋರು ಅಲ್ಲಿಗೇ ನಿಲ್ತಾರೆ. ನಲವತ್ತು ದಾಟಿದವಳು, ಶುಗರೋ ಬಿಪಿನೋ ಇದೆ, ಮೂಗಿಂದ ಹೊಕ್ಕುಳವರೆಗೆ ಎಲ್ಲಾದ್ರೂ ಇದ್ದಕ್ಕಿದ್ದಂಗೆ ಸಂಕಟ ಶುರುವಾಗಿದೆ, ಬೆವರ್ತಿದಾಳೆ ಅಂದ್ರೆ ಮೊದಲು ಇಸಿಜಿ, ಆಮೇಲೆ ಗ್ಯಾಸ್ ಮಾತ್ರೆ. ಇಸಿಜಿ ನಾರ್ಮಲ್ ಬಂದ್ರೂ ಸಂಕಟ ಇಳೀದಿದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ, ಹೃದಯದ ಮಾಂಸಖಂಡಕ್ಕೆ ಪೆಟ್ಟು ಬಿದ್ದಿದ್ಯಾ ಅಂತ ತೋರಿಸೋ ಟ್ರೋಪೋನಿನ್ ರಕ್ತಪರೀಕ್ಷೆ.

ಹೆಂಗಸಿನ ಮಾತಿಗೆ ಬೆಲೆ ಕಡಿಮೆ ಅನ್ನೋದು ನಮ್ಮೂರಿನ ಕ್ಲಿನಿಕ್ಕಿನ ಕಥೆ ಮಾತ್ರ ಅಲ್ಲ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ನಿರ್ದೇಶಕಿಯಾದ ಬರ್ನಡೀನ್ ಹೀಲಿ ಸ್ವತಃ ಹೃದ್ರೋಗ ತಜ್ಞೆ. ಅದೇ ವರ್ಷ ಅವರು ಬರೆದಿದ್ದರ ಸಾರ ಇಷ್ಟು, ಹೆಂಗಸು ತನಗೂ ಗಂಡಸಿನಷ್ಟೇ ಹೃದಯದ ಕಾಯಿಲೆ ಇದೆ ಅಂತ ಮೊದಲು ಸಾಬೀತು ಮಾಡ್ಬೇಕು, ಆಮೇಲೇ ಅವಳಿಗೆ ಅದೇ ಚಿಕಿತ್ಸೆ ಸಿಗೋದು. ಹಾರ್ಟ್ ಅಟ್ಯಾಕ್ ತಡೆಯೋಕೆ ಆಸ್ಪಿರಿನ್ ಉಪಯೋಗ ಆಗುತ್ತಾ ಅಂತ ಅದಕ್ಕೆ ಸ್ವಲ್ಪ ಮುಂಚೆ ಅಲ್ಲೇ ಮಾಡಿದ ದೊಡ್ಡ ಅಧ್ಯಯನದಲ್ಲಿ 22,071 ಡಾಕ್ಟರುಗಳಿದ್ರು, ಅಷ್ಟೂ ಜನ ಗಂಡಸರು. ಅದರ ಫಲಿತಾಂಶ ನೋಡ್ಕೊಂಡೇ ಹೆಂಗಸರಿಗೂ ಮಾತ್ರೆ ಬರೆದ್ರು. ಆಮೇಲೆ ಹೆಂಗಸರನ್ನೇ ಇಟ್ಕೊಂಡು ಬೇರೆ ಅಧ್ಯಯನ ಮಾಡಿದಾಗ ಫಲಿತಾಂಶ ಅದೇ ಥರ ಬರಲಿಲ್ಲ.

ಹಾರ್ಟ್ ಅಟ್ಯಾಕಲ್ಲಿ ಎಲ್ಲಾ ನಿಂತಿರೋದು ಸಮಯದ ಮೇಲೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತವರ ಜೊತೆಯವರು ದೇಶದ 89 ಆಸ್ಪತ್ರೆಗಳ 20,468 ಹೃದಯ ರೋಗಿಗಳ ಮಾಹಿತಿ ಸೇರಿಸಿ 2008ರಲ್ಲಿ ಪ್ರಕಟಿಸಿದ್ರು. ಅದರ ಪ್ರಕಾರ ಲಕ್ಷಣ ಶುರುವಾದಾಗಿಂದ ಆಸ್ಪತ್ರೆ ಬಾಗಿಲು ಮುಟ್ಟೋಕೆ ಹಿಡೀತಿದ್ದ ಸಮಯದ ಮಧ್ಯಬಿಂದು 360 ನಿಮಿಷ, ಆರು ಗಂಟೆ, ಅಂದ್ರೆ ಸುಮಾರು ಅರ್ಧ ಜನ ಅದಕ್ಕಿಂತಲೂ ತಡವಾಗಿ ಬಂದಿದ್ರು. ಅದೇ ಆಸ್ಪತ್ರೆ ಒಳಗೆ ಹೋದ್ಮೇಲೆ ರಕ್ತದ ಹೆಪ್ಪು ಕರಗಿಸೋ ಔಷಧ ಶುರು ಮಾಡೋಕೆ ಒಂದು ಗಂಟೆನೂ ಹಿಡೀತಿರಲಿಲ್ಲ. ಕಳೆದು ಹೋಗ್ತಿದ್ದ ಸಮಯ ಎಲ್ಲಾ ಮನೇಲಿ, ದಾರೀಲಿ, ಸಣ್ಣ ಕ್ಲಿನಿಕ್ಕಲ್ಲಿ. ಆ ಲೆಕ್ಕದಲ್ಲಿ ಮುಕ್ಕಾಲು ಭಾಗ ಗಂಡಸರೇ ಇದ್ರು ಅನ್ನೋದನ್ನೂ ಗಮನಿಸಿ. ಹೆಂಗಸರು ಇನ್ನೂ ತಡವಾಗಿ ಬರ್ತಾರೆ ಅಂತ ಬೇರೆ ಬೇರೆ ದೇಶಗಳ ಹಲವು ಅಧ್ಯಯನಗಳು ಹೇಳ್ತಾನೇ ಇವೆ.

ಪುನೀತ್ ಅವರು 2021ರ ಅಕ್ಟೋಬರ್ 29ಕ್ಕೆ ಹೋದ್ಮೇಲೆ ನಮ್ಮ ರಾಜ್ಯದಲ್ಲಿ ಹಾರ್ಟ್ ಬಗ್ಗೆ ಎಂದೂ ಇಲ್ಲದಷ್ಟು ಮಾತು ಶುರುವಾಯ್ತು, ಆಮೇಲೆ ಅವರ ಹೆಸರಲ್ಲೇ ಹೃದಯಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸ್ತಾರೆ, ಅಟ್ಯಾಕ್ ಅಂತ ಖಾತ್ರಿ ಆದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ, ಹೊರಗಡೆ ಅದಕ್ಕೆ ಸಾವಿರಾರು ರೂಪಾಯಿ. ಇದು ನಿಜವಾಗ್ಲೂ ಒಳ್ಳೆ ಕೆಲಸ, ಎಲ್ಲಾ ಕಡೆ ಸರಿಯಾಗಿ ನಡೀಬೇಕು ಅಂತ ಬಯಸೋರಲ್ಲಿ ನಾನೂ ಒಬ್ಬಳು. ಆದ್ರೆ ಆ ಇಂಜೆಕ್ಷನ್ ಮೊದಲ ಎರಡು ಮೂರು ಗಂಟೆಯಲ್ಲಿ ಮಾಡೋಷ್ಟು ಕೆಲಸ ಹತ್ತನೇ ಗಂಟೆಯಲ್ಲಿ ಮಾಡಲ್ಲ, ಹನ್ನೆರಡು ಗಂಟೆ ದಾಟಿದ್ರೆ ಸಾಮಾನ್ಯವಾಗಿ ಕೊಡೋದೇ ಇಲ್ಲ. ಹಾಲು ಕರೆದು ಅಡುಗೆ ಮುಗಿಸಿ ಬೆಳಿಗ್ಗೆ ಹೋಗೋಣ ಅಂದ್ಕೊಳ್ಳೋ ಹೆಂಗಸಿಗೆ ಆ ಔಷಧ ತಾಲೂಕು ಆಸ್ಪತ್ರೆಯ ಫ್ರಿಡ್ಜಲ್ಲೇ ಉಳಿಯುತ್ತೆ. ಹಾಗಾಗಿ ಯೋಜನೆಯ ಪೋಸ್ಟರು ಆಸ್ಪತ್ರೆ ಗೋಡೆ ಮೇಲೆ ಇದ್ರೆ ಸಾಲದು, ಹಾಲಿನ ಡೈರಿ ಹತ್ರ ಬೇಕು, ನ್ಯಾಯಬೆಲೆ ಅಂಗಡಿ ಹತ್ರ ಬೇಕು, ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ ಓದಿ ಹೇಳ್ಬೇಕು, ಅದರಲ್ಲಿ ಒಂದು ಹೆಂಗಸಿನ ಚಿತ್ರ ಇರಬೇಕು.

ಇಸಿಜಿ ಬಗ್ಗೆನೂ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇದೆ. ಇಸಿಜಿ ಸರಿಯಾಗಿ ತೆಗೀಬೇಕು ಅಂದ್ರೆ ಎದೆ ಮೇಲೆ ಆರು ಜಾಗದಲ್ಲಿ ಲೀಡ್ ಅಂಟಿಸ್ಬೇಕು, ಅದರಲ್ಲಿ ಎಡಗಡೆಯವು ಸ್ತನದ ಕೆಳಗೆ ಬರುತ್ತೆ, ಸೆರಗು ಸರಿಸಿ ರವಿಕೆ ಬಿಚ್ಚಲೇಬೇಕು. ಎಷ್ಟೋ ಕಡೆ ಅದೊಂದು ಚಿಕ್ಕ ರೂಮು, ಬಾಗಿಲಿಗೆ ಚಿಲಕ ಇಲ್ಲ, ಪರದೆ ಅರ್ಧ ಹರಿದಿದೆ, ಟೆಕ್ನಿಷಿಯನ್ ಹುಡುಗ, ಹೊರಗೆ ಜನ ಬಗ್ಗಿ ನೋಡ್ತಿರ್ತಾರೆ. ಅವಳು ಮುದುಡ್ಕೋತಾಳೆ, ಅವನಿಗೂ ಸಂಕೋಚ, ಲೀಡುಗಳು ಎಲ್ಲಿ ಕೈಗೆ ಸಿಕ್ತೋ ಅಲ್ಲಿ ಮೇಲೆ ಕೆಳಗೆ ಕೂರುತ್ತೆ, ಬರೋ ಗ್ರಾಫ್ ಡಾಕ್ಟರನ್ನ ದಾರಿ ತಪ್ಪಿಸ್ಬಹುದು. ಇದಕ್ಕೆ ಕೋಟಿಗಟ್ಟಲೆ ಬಜೆಟ್ ಬೇಡ. ಒಂದು ಗಟ್ಟಿ ಪರದೆ, ಒಳಗಿಂದ ಹಾಕೋ ಚಿಲಕ, ಮುಂದೆ ಬಿಚ್ಚೋಕೆ ಬರೋ ಒಂದು ಹತ್ತಿ ನಿಲುವಂಗಿ, ಇಸಿಜಿ ಕಲಿತ ಒಬ್ಬ ಸ್ಟಾಫ್ ನರ್ಸ್ ಪ್ರತಿ ಶಿಫ್ಟಲ್ಲಿ. ನನ್ನನ್ನ ಕೇಳಿದ್ರೆ ಹೊಸ ಮಿಷನ್ ಉದ್ಘಾಟನೆಗಿಂತ ಇದು ಮೊದಲಾಗ್ಬೇಕು. ಇದೇ ಸಂಕೋಚ ಸಿಪಿಆರ್ ಮಾಡೋವಾಗ್ಲೂ ಜೀವ ತೆಗೆಯುತ್ತೆ, ಅಮೆರಿಕದಲ್ಲಿ ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತು ಬಿದ್ದವರ ಬಗ್ಗೆ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗಂಡಸರಲ್ಲಿ 45 ಪರ್ಸೆಂಟ್ ಜನರಿಗೆ ದಾರಿಹೋಕರು ಎದೆ ಒತ್ತಿದ್ರೆ ಹೆಂಗಸರಲ್ಲಿ 39 ಪರ್ಸೆಂಟಿಗೆ ಮಾತ್ರ. ನಮ್ಮ ಬಸ್ ಸ್ಟ್ಯಾಂಡಲ್ಲಿ ಏನಾಗುತ್ತೆ ಅಂತ ಯೋಚನೆ ಮಾಡಿದ್ರೆ ಭಯ ಆಗುತ್ತೆ. ಸಿಪಿಆರ್ ಕಲಿಸೋ ಕಡೆ ಗೊಂಬೆಗೆ ಸೀರೆ ಉಡಿಸಿ ಕಲಿಸಲಿ.

ಇನ್ನು ಆಂಜಿಯೋಗ್ರಾಂ. ಎದೆ ಸಂಕಟ ಅಂತ ಹೋದ ಹೆಂಗಸಿಗೆ ಆಂಜಿಯೋ ಮಾಡಿ ದೊಡ್ಡ ರಕ್ತನಾಳಗಳೆಲ್ಲ ಕ್ಲಿಯರ್ ಇದೆ ಅಂತ ಬಂದ್ರೆ, ಏನೂ ಇಲ್ಲಮ್ಮ ಟೆನ್ಷನ್ ಮಾಡ್ಕೋಬೇಡಿ ಅಂತ ಕಳಿಸೋದು ಜಾಸ್ತಿ. ಆದ್ರೆ ಆಂಜಿಯೋದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳು ಸರಿಯಾಗಿ ಹಿಗ್ಗದೇ ಇರೋದ್ರಿಂದಲೂ ನಿಜವಾದ ಎದೆನೋವು ಬರುತ್ತೆ, ಇದು ಹೆಂಗಸರಲ್ಲೇ ಹೆಚ್ಚು. ಅದಕ್ಕೆ ಮಾತ್ರೆಗಳಿವೆ, ಬಿಪಿ ಕೊಲೆಸ್ಟರಾಲ್ ಹಿಡಿತದಲ್ಲಿಡಬೇಕು, ಮತ್ತೆ ಮತ್ತೆ ತೋರಿಸ್ಬೇಕು. ಮನೇಲಿ ಮಾತ್ರ ಆ ರಿಪೋರ್ಟ್ ನೋಡಿ, ಇವಳಿಗೆ ಏನೂ ಇಲ್ಲಂತೆ ಸುಮ್ನೆ ದುಡ್ಡು ಖರ್ಚಾಯ್ತು ಅಂತ ಮಾತು ಬರುತ್ತೆ, ಆಮೇಲೆ ಅವಳು ನೋವು ಬಂದ್ರೂ ಬಾಯಿಬಿಡಲ್ಲ.

ಬಡ ಮನೆಯ ಹೆಣ್ಣುಮಕ್ಕಳಲ್ಲಿ ಇನ್ನೊಂದು ಹೃದಯದ ಕಾಯಿಲೆ ಇದೆ, ಅದರ ಬಗ್ಗೆ ಪೇಟೆಯಲ್ಲಿ ಮಾತೇ ಆಡಲ್ಲ. ಚಿಕ್ಕ ವಯಸ್ಸಲ್ಲಿ ಗಂಟಲು ನೋವು ಜ್ವರ ಬಂದು, ಸರಿಯಾಗಿ ಔಷಧಿ ಆಗದೇ, ಆಮೇಲೆ ಕೀಲು ಕೀಲು ಊದ್ಕೊಂಡು, ಕೊನೆಗೆ ಹೃದಯದ ವಾಲ್ವ್ ಕಿರಿದಾಗೋದು, ಡಾಕ್ಟರುಗಳು ರುಮ್ಯಾಟಿಕ್ ಅಂತಾರಲ್ಲ ಅದು. 2022ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಇಂಥ ರೋಗಿಗಳ ಮೇಲೆ ರಕ್ತ ತೆಳುವಾಗೋ ಔಷಧಗಳ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಅದರಲ್ಲಿದ್ದ ಸುಮಾರು 4,500 ಜನರಲ್ಲಿ 72 ಪರ್ಸೆಂಟ್ ಹೆಂಗಸರು, ಸರಾಸರಿ ವಯಸ್ಸು ಬರೀ ಐವತ್ತು. ಈ ಕಾಯಿಲೆ ಇರೋ ಹುಡುಗಿಗೆ ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ತಪ್ಪದೇ ಕೊಟ್ರೆ ವಾಲ್ವ್ ಮತ್ತಷ್ಟು ಹಾಳಾಗದಂಗೆ ತಡೀಬಹುದು. ಆದ್ರೆ ಮದುವೆ ಮಾತುಕತೆ ಶುರುವಾದ ತಕ್ಷಣ ಎಷ್ಟೋ ಮನೇಲಿ ಇಂಜೆಕ್ಷನ್ ನಿಂತು ಹೋಗುತ್ತೆ, ಗಂಡಿನ ಕಡೆಯವರಿಗೆ ಗೊತ್ತಾದ್ರೆ ಅಂತ ಹೆದರಿಕೆ. ಆಮೇಲೆ ಬಸುರಿಯಲ್ಲಿ ಮೈಯೊಳಗಿನ ರಕ್ತದ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಜಾಸ್ತಿ ಆದಾಗ, ಕಿರಿದಾದ ವಾಲ್ವಲ್ಲಿ ಅಷ್ಟು ರಕ್ತ ಹಾಯೋಕೆ ಆಗದೇ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಅವಳು ಏದುಸಿರು ಬಿಡ್ತಾಳೆ, ರಾತ್ರಿ ಮಲಗೋಕೆ ಆಗ್ದೆ ಎದ್ದು ಕೂರ್ತಾಳೆ, ಸುತ್ತ ಇರೋರು ಬಸುರಿಗೆ ಉಸಿರು ಕಟ್ಟೋದು ಸಹಜ, ರಕ್ತ ಕಡಿಮೆ ಇರ್ಬೇಕು ಅಂತಾರೆ. ರಕ್ತಹೀನತೆ ನಮ್ಮಲ್ಲಿ ಅಷ್ಟು ಸಾಮಾನ್ಯ ಆಗಿರೋದ್ರಿಂದ ಡಾಕ್ಟರಿಗೂ ಮೊದಲು ಹೊಳೆಯೋದು ಅದೇ. ಒಂದು ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿದ್ರೆ ಗೊತ್ತಾಗುತ್ತೆ, ತೊಡೆ ಸಂದಿಯಿಂದ ಬಲೂನ್ ಹಾಕಿ ವಾಲ್ವ್ ಅಗಲ ಮಾಡೋ ಚಿಕಿತ್ಸೆ ಇದೆ, ಜಯದೇವ ಆ ಕೆಲಸಕ್ಕೆ ಹೆಸರಾದ ಜಾಗ, ತೀರಾ ಬೇಕಾದ್ರೆ ಬಸುರಿಯಲ್ಲೂ ಮಾಡ್ತಾರೆ. ಮಲಗಿದ್ರೆ ಉಬ್ಬಸ ಬರೋ ಯಾವ ಬಸುರಿಯನ್ನೂ, ಯಾವ ಬಾಣಂತಿಯನ್ನೂ ಎಕೋ ಮಾಡಿಸದೇ ಬಿಡಬೇಡಿ. ಹೆರಿಗೆ ಆಗಿ ತಿಂಗಳುಗಳಾದ್ಮೇಲೂ ಹೃದಯದ ಮಾಂಸಖಂಡವೇ ದುರ್ಬಲ ಆಗೋ ಇನ್ನೊಂದು ಕಾಯಿಲೆ ಬರಬಹುದು, ಕಾಲು ಬಾವು ಬಂದಿದೆ ಉಬ್ಬಸ ಇದೆ ಅಂದ್ರೆ ಬಾಣಂತಿ ಶೀತ ಅಂತ ಶುಂಠಿ ಕಷಾಯ ಕೊಟ್ಕೊಂಡು ಕೂರೋ ಹಾಗಿಲ್ಲ.

ಗರ್ಭಕೋಶ ತೆಗೆಸೋ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಕಲಬುರಗಿ ಕಡೆ ಲಂಬಾಣಿ ತಾಂಡಾಗಳ ಎಷ್ಟೋ ಹೆಂಗಸರಿಗೆ ಚಿಕ್ಕ ವಯಸ್ಸಲ್ಲೇ ಬೇಕಿಲ್ಲದ ಆಪರೇಷನ್ ಆಗಿದೆ ಅಂತ ಸುಮಾರು ಹತ್ತು ವರ್ಷದ ಹಿಂದೆ ದೊಡ್ಡ ಸುದ್ದಿ ಆಗಿತ್ತು, ಹೆಂಗಸರೇ ಬೀದಿಗಿಳಿದು ಹೋರಾಟ ಮಾಡಿದ್ರು. ಗರ್ಭಕೋಶದ ಜೊತೆ ಅಂಡಾಶಯನೂ ತೆಗೆದ್ರೆ ಮುಟ್ಟು ನಿಲ್ಲೋ ವಯಸ್ಸು ಒಂದೇ ದಿನದಲ್ಲಿ ಬಂದುಬಿಡುತ್ತೆ, ನಲವತ್ತೈದಕ್ಕೆ ಮುಂಚೆ ಹಾಗಾದ್ರೆ ಹೃದಯದ ಅಪಾಯ ಜಾಸ್ತಿ ಆಗುತ್ತೆ. ಬಿಳಿಸೆರಗು ಹೋಗುತ್ತೆ ಅಂತ ಹೋದವಳಿಗೆ ಮಕ್ಕಳಾಯ್ತಲ್ಲ ತೆಗೆಸಿಬಿಡಿ ಅನ್ನೋ ಡಾಕ್ಟರ್ ಇದನ್ನ ಹೇಳ್ತಾರಾ? ಹೇಳ್ಲೇಬೇಕು, ಅದು ಅವಳ ಹಕ್ಕು.

ಚಿಕ್ಕಮ್ಮ ಮನೆಗೆ ಬಂದ್ಮೇಲೆ ಏನಾಯ್ತು ಅನ್ನೋದನ್ನೂ ಬರೀಬೇಕು. ಸ್ಟೆಂಟ್, ಅಂದ್ರೆ ಮುಚ್ಚಿದ ರಕ್ತನಾಳ ತೆರೆದಿಡೋ ಸಣ್ಣ ಕೊಳವೆ, ಹಾಕಿಸ್ಕೊಂಡು ಬಂದ ಗಂಡಸಿಗೆ ಮನೇಲಿ ಒಂದು ಕೋಣೆ, ಉಪ್ಪು ಕಮ್ಮಿ ಹಾಕಿದ ಅಡುಗೆ, ಹೊತ್ತಿಗೆ ಸರಿಯಾಗಿ ಮಾತ್ರೆ ತಂದು ಕೊಡೋ ಹೆಂಡತಿ ಇರ್ತಾಳೆ. ಚಿಕ್ಕಮ್ಮ ಸ್ವಲ್ಪ ದಿನದಲ್ಲೇ ಒಲೆ ಮುಂದೆ ಕೂತಿದ್ರು, ಸೌದೆ ಹೊಗೆ ಸಮೇತ, ಗ್ಯಾಸ್ ಇದ್ರೂ ಸ್ನಾನದ ನೀರಿಗೆ ಮುದ್ದೆಗೆ ಸೌದೆನೇ. ತನಗೊಂದು ಮನೆಯವರಿಗೊಂದು ಅಂತ ಎರಡು ಸಾರು ಮಾಡೋದು ಯಾರು, ಹಂಗಾಗಿ ಅದೇ ಉಪ್ಪು ಅದೇ ಉಪ್ಪಿನಕಾಯಿ. ಒಂದಿನ ನಾನು ಹೋದಾಗ ಮಾತ್ರೆ ಡಬ್ಬಿ ಖಾಲಿ. ಕೇಳಿದ್ರೆ, "ಈಗ ಚೆನ್ನಾಗೇ ಇದೀನಲ್ಲ ಮಗಾ, ಬರೋ ತಿಂಗಳು ತರಿಸ್ತೀನಿ ಬಿಡು, ಅತ್ತೆ ಮಾತ್ರೆ ಮೊದ್ಲು ತರ್ಬೇಕಿತ್ತು" ಅಂದ್ರು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಹೆಪ್ಪುಗಟ್ಟದಂಗೆ ಕೊಡೋ ಎರಡು ಮಾತ್ರೆಗಳನ್ನ ತಾವಾಗೇ ನಿಲ್ಲಿಸಿದ್ರೆ ಸ್ಟೆಂಟೇ ಮುಚ್ಚಿ ಹೋಗಬಹುದು ಅಂತ ಅವರಿಗೆ ಯಾರೂ ಅವರ ಭಾಷೇಲಿ ಕೂರಿಸಿ ಹೇಳಿರಲಿಲ್ಲ, ಹೇಳಿದ್ದು ಜೊತೆಗೆ ಹೋದ ಮಗನಿಗೆ, ಅವನು ಬೆಂಗಳೂರಲ್ಲಿ ಕೆಲಸಕ್ಕಿದಾನೆ. ಡಿಸ್ಚಾರ್ಜ್ ಮಾಡೋವಾಗ ಹೆಂಗಸಿಗೇ ನೇರವಾಗಿ ಹೇಳಿ, ಅವಳ ಕೈಲೇ ಚೀಟಿ ಕೊಡಿ, ಯಾವ ಮಾತ್ರೆ ಯಾಕೆ ಅಂತ ಅವಳ ಬಾಯಲ್ಲೇ ಹೇಳಿಸಿ. ಜನೌಷಧಿಯಲ್ಲಿ ಇವುಗಳಲ್ಲಿ ಬಹಳಷ್ಟು ಕಡಿಮೆ ದುಡ್ಡಿಗೆ ಸಿಗುತ್ತೆ ಅನ್ನೋದೂ ಆ ಚೀಟೀಲಿ ಇರಲಿ. ಬಸ್ಸು ಈಗ ನಮಗೆ ಫ್ರೀ ಇರೋದ್ರಿಂದ ಫಾಲೋಅಪ್‌ಗೆ ಗಂಡನ ಹತ್ರ ದುಡ್ಡು ಕೇಳೋದು ತಪ್ಪಿದೆ, ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಆ ಫಾಲೋಅಪ್ಪಲ್ಲೇ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ ಮೊದಲ ಸಲ ಕೇಳಿದ್ರು, ಹೆರಿಗೆ ಸಮಯದಲ್ಲಿ ಬಿಪಿ ಇತ್ತಾಮ್ಮ ಅಂತ. ಚಿಕ್ಕಮ್ಮ ಆಶ್ಚರ್ಯದಿಂದ ನನ್ನ ಮುಖ ನೋಡಿದ್ರು. ಅಷ್ಟು ಹಳೇ ವಿಷಯ ಇವರಿಗೆ ಯಾಕೆ ಅಂತ.

ಮೂವತ್ತು ದಾಟಿದವರಿಗೆಲ್ಲ ಬಿಪಿ ಶುಗರ್ ನೋಡೋ ಸರ್ಕಾರಿ ತಪಾಸಣೆ ಈಗ ಇದೆ, ಒಳ್ಳೇದು. ಆದ್ರೆ ಇಪ್ಪತ್ತಮೂರಕ್ಕೆ ಹೆರಿಗೆಯಲ್ಲಿ ನಂಜು ಬಂದವಳು ಮೂವತ್ತರವರೆಗೆ ಯಾರ ಲೆಕ್ಕದಲ್ಲೂ ಇರಲ್ಲ, ಅವಳೇ ಆಸ್ಪತ್ರೆಗೆ ಹೋಗಲಿ ಅಂದ್ರೆ ಅವಳು ಹೋಗಲ್ಲ. ಆದ್ರೆ ಮಗುನ ಮಾತ್ರ ತಪ್ಪದೇ ಕರ್ಕೊಂಡು ಹೋಗ್ತಾಳೆ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಚುಚ್ಚುಮದ್ದು, ಒಂಬತ್ತು ತಿಂಗಳಿಗೆ ದಡಾರದ ಲಸಿಕೆ, ಒಂದೂವರೆ ವರ್ಷದ ಆಸುಪಾಸಿಗೆ ಬೂಸ್ಟರ್, ಐದು ವರ್ಷಕ್ಕೆ ಇನ್ನೊಂದು. ಮಳೆ ಇರಲಿ ಬಿಸಿಲಿರಲಿ, ಅಂಗನವಾಡಿ ಮುಂದೆ ಕಂಕುಳಲ್ಲಿ ಮಗು ಇಟ್ಕೊಂಡು ಸಾಲಲ್ಲಿ ನಿಂತಿರ್ತಾಳೆ. ಲಸಿಕೆ ಹಾಕಿದ್ಮೇಲೆ ಮಗುಗೆ ಏನಾದ್ರೂ ಆಗುತ್ತಾ ಅಂತ ಅರ್ಧ ಗಂಟೆ ಅಲ್ಲೇ ಕೂರಿಸ್ತಾರೆ. ಸಿಸ್ಟರ್ ಅಲ್ಲಿ ಇರ್ತಾರೆ, ಬಿಪಿ ಮಿಷನ್ ಒಂದು ಇದ್ರೆ ಆಯ್ತು. ಆ ಅರ್ಧ ಗಂಟೆಯಲ್ಲಿ ತಾಯಿಯ ಬಿಪಿ ನೋಡಿ, ತಾಯಿ ಕಾರ್ಡಲ್ಲಿ ನಂಜು ಅಥವಾ ಶುಗರ್ ಅಂತ ಬರೆದಿದ್ರೆ ಅವಳಿಗೆ ಶುಗರ್ ಪರೀಕ್ಷೆನೂ ಮಾಡಿ, ಮಗುವಿನ ಲಸಿಕೆ ಪಕ್ಕದಲ್ಲೇ ತಾಯಿಯ ಬಿಪಿಗೆ ಒಂದು ಕಾಲಂ ಮಾಡಿ. ಐದು ವರ್ಷ ಅವಳು ನಮ್ಮ ಕೈತಪ್ಪಲ್ಲ, ಅಷ್ಟರಲ್ಲಿ ಮೂವತ್ತರ ತಪಾಸಣೆ ಹತ್ತಿರ ಬಂದಿರುತ್ತೆ.

ಇದನ್ನ ನಮ್ಮ ಏರಿಯಾದ ಆಶಾ ಅಕ್ಕನ ಹತ್ರ ಹೇಳ್ದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಮಾಡಬಹುದು ಅಂದ್ರು, ಲಸಿಕೆ ಆದ್ಮೇಲೆ ತಾಯಂದಿರು ಹೇಗೂ ಖಾಲಿ ಕೂತಿರ್ತಾರೆ, ಆದ್ರೆ ಬರೆಯೋ ರಿಜಿಸ್ಟರ್ ಈಗ್ಲೇ ಜಾಸ್ತಿ ಆಗಿದೆ, ಮೊಬೈಲಲ್ಲೂ ಹಾಕ್ಬೇಕು, ಗೌರವಧನ ಹೊತ್ತಿಗೆ ಬರಲ್ಲ ಅಂದ್ರು. 2025ರ ಜನವರಿಯಲ್ಲಿ ಅವರೂ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಆಶಾ ಕಾರ್ಯಕರ್ತೆಯರ ಧರಣೀಲಿ ಆ ಚಳೀಲಿ ರಾತ್ರಿ ಹಗಲು ಕೂತಿದ್ದವರು. ಹೊಸ ಕೆಲಸ ಕೊಟ್ರೆ ಅದಕ್ಕೆ ದುಡ್ಡು ಕೊಡ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಅವರೇ ಕೇಳಿದ್ರು, "ನಮ್ಮ ಬಿಪಿನೂ ನೋಡ್ತಾರಾ ಅಕ್ಕ, ನಂಗೂ ಎರಡನೇದಕ್ಕೆ ನಂಜು ಬಂದಿತ್ತು."

ಅವರನ್ನ ಅದೇ ವಾರ ಕರ್ಕೊಂಡು ಹೋಗಿ ತೋರಿಸಿದ್ವಿ. 160/100 ಇತ್ತು. ಮಾತ್ರೆ ಶುರುವಾಗಿದೆ, ಎಕೋ ಇನ್ನೂ ಮಾಡಿಸ್ಬೇಕು.